ಗ್ನೂ ರೇಡಿಯೋ ಮೂಲದಿಂದ ಕಟ್ಟುತ್ತಿದ್ದೇನೆ: ಮೊದಲು ಅರ್ಧಕ್ಕೆ ನಿಂತಿತು, ಈಗ ತೆರೆದ ಕೂಡಲೇ ಕುಸಿಯುತ್ತಿದೆ

ಮೂರನೇ ಮಹಡಿ · ಗುರುವಾರ, ರಾತ್ರಿ 11:52

ಎಲ್ಲರಿಗೂ ನಮಸ್ಕಾರ. ಮೂರು ರಾತ್ರಿಗಳಿಂದ ಇದರೊಡನೆ ಗುದ್ದಾಡುತ್ತಿದ್ದೇನೆ, ಇನ್ನು ನನ್ನಿಂದ ಆಗದು ಅನ್ನಿಸಿ ಇಲ್ಲಿಗೆ ಬಂದೆ.

ನನ್ನದು ಹಳೆಯ ಲ್ಯಾಪ್‌ಟಾಪ್: 4 ಜಿಬಿ ರ‍್ಯಾಮ್, ಉಬುಂಟು 22.04. ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್) ಕೊಂಡಿದ್ದೇನೆ. ಜಿಕ್ಯೂಆರ್‌ಎಕ್ಸ್ ಎಂಬ ರೇಡಿಯೋ ಕೇಳುವ ತಂತ್ರಾಂಶದಲ್ಲಿ ಮೈಸೂರು ಆಕಾಶವಾಣಿ ಕೇಳಬೇಕು, ಆಮೇಲೆ ನಿಧಾನವಾಗಿ ಅದರ ಬುನಾದಿಯಾದ, ರೇಡಿಯೋ ಸಂಕೇತಗಳನ್ನು ಸಂಸ್ಕರಿಸುವ ಗ್ನೂ ರೇಡಿಯೋ ಕಲಿಯಬೇಕು ಎಂಬುದು ಆಸೆ. ಒಂದು ವೀಡಿಯೋ ನೋಡಿಕೊಂಡು ಗ್ನೂ ರೇಡಿಯೋದ 3.10.11 ಆವೃತ್ತಿಯನ್ನು ಮೂಲದಿಂದ, ಅಂದರೆ ಸೋರ್ಸ್ ಕೋಡ್‌ನಿಂದಲೇ, ಕಟ್ಟಲು ಹೊರಟೆ. ಕಟ್ಟುವ ಸಿದ್ಧತೆ ಮಾಡುವ ಸಿಮೇಕ್ ತಕರಾರಿಲ್ಲದೆ ಮುಗಿಯಿತು. ನಿಜವಾಗಿ ಕಟ್ಟುವ ಮೇಕ್ ಕೊಟ್ಟರೆ ಶೇಕಡಾ 60 ದಾಟಿದ ಮೇಲೆ ಇಡೀ ಯಂತ್ರ ಕಲ್ಲಿನಂತೆ ನಿಲ್ಲುತ್ತದೆ. ಮೌಸ್ ಕೂಡ ಅಲುಗಾಡುವುದಿಲ್ಲ. ಹತ್ತು ನಿಮಿಷದ ನಂತರ ಕೊನೆಯಲ್ಲಿ ಬರುವುದು ‘ಮೇಕ್: ಎರರ್ 2’ ಎಂಬ ಸಾಲು. ಎರಡು ಬಾರಿ ಮೊದಲಿನಿಂದ ಮಾಡಿದೆ. ಎರಡು ಬಾರಿಯೂ ಬೇರೆ ಬೇರೆ ಕಡತದ ಹತ್ತಿರ ನಿಂತಿತು. ಎರರ್ 2 ಎಂದರೆ ಏನು?

ಬೆಸುಗೆ ಕಡ್ಡಿ · ಶುಕ್ರವಾರ, ಬೆಳಿಗ್ಗೆ 6:15

ಎರರ್ 2 ಎಂದರೆ ಏನೂ ಅಲ್ಲ. ‘ನನ್ನ ಕೆಳಗಿನವನು ಸೋತ, ಹಾಗಾಗಿ ನಾನೂ ಸೋತೆ’ ಎಂದು ಮೇಕ್ ಹೇಳುವ ರೀತಿ ಅದು. ಕೊನೆಯ ಸಾಲನ್ನು ಬಿಟ್ಟುಬಿಡಿ. ಟರ್ಮಿನಲ್‌ನಲ್ಲಿ ಮೇಲಕ್ಕೆ ಹೋಗಿ, ‘ಎರರ್’ ಅಥವಾ ‘ಫೇಟಲ್’ ಎಂಬ ಪದ ಮೊದಲ ಸಲ ಕಾಣಿಸಿಕೊಂಡ ಸಾಲನ್ನು ಹುಡುಕಿ ಇಲ್ಲಿ ಹಾಕಿ. ಮೇಕ್‌ಗೆ ಎಷ್ಟು ಕೆಲಸ ಒಟ್ಟಿಗೆ ಕೊಟ್ಟಿದ್ದಿರಿ ಎಂಬುದನ್ನೂ ತಿಳಿಸಿ.

ಮೂರನೇ ಮಹಡಿ · ಶುಕ್ರವಾರ, ಬೆಳಿಗ್ಗೆ 8:40

ಸಿಕ್ಕಿತು, ನೂರಾರು ಸಾಲು ಮೇಲಿತ್ತು: ‘ಸಿ++: ಫೇಟಲ್ ಎರರ್: ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್’. ವೀಡಿಯೋದಲ್ಲಿ ಇದ್ದಂತೆ ಮೈನಸ್ ಜೆ 8 (ಒಟ್ಟಿಗೆ ಎಂಟು ಕೆಲಸ) ಕೊಟ್ಟಿದ್ದೆ.

ಕಡಲತೀರದ ಆಂಟೆನಾ · ಶುಕ್ರವಾರ, ಬೆಳಿಗ್ಗೆ 9:05

4 ಜಿಬಿಗೆ ಎಂಟು ಕಂಪೈಲರ್‌ಗಳೇ! ಇಬ್ಬರಿಗೆ ಮಾಡಿದ ಅನ್ನಕ್ಕೆ ಎಂಟು ಎಲೆ ಹಾಕಿದ ಹಾಗಾಯಿತು.

ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ರ‍್ಯಾಮ್ ಮುಗಿದಾಗ ಕರ್ನಲ್ (ಉಬುಂಟುವಿನ ತಿರುಳು) ಅತಿ ಹೆಚ್ಚು ತಿನ್ನುತ್ತಿರುವವನನ್ನು ಹುಡುಕಿ ಕೊಲ್ಲುತ್ತದೆ. ಈ ಸಂದರ್ಭದಲ್ಲಿ ಆ ಬಕಾಸುರ ಸಿಸಿ1ಪ್ಲಸ್, ಅಂದರೆ ಸಿ++ ಕಂಪೈಲರಿನ ಹೊಟ್ಟೆ. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಕೊಟ್ಟು ನೋಡಿ, ‘ಔಟ್ ಆಫ್ ಮೆಮೊರಿ’ ಎಂದು ಬರೆದಿರುತ್ತದೆ. ಗ್ನೂ ರೇಡಿಯೋ 3.9ರಿಂದ ಪೈಥಾನ್ ಜೋಡಣೆಗೆ ಹಳೆಯ ಸ್ವಿಗ್ ಬದಲು ಪೈಬೈಂಡ್11 ಬಳಸುತ್ತದೆ. ಆ ಕಡತಗಳು ನೋಡಲು ಸಣ್ಣವು, ಕಂಪೈಲ್ ಮಾಡುವಾಗ ಮಾತ್ರ ರ‍್ಯಾಮನ್ನು ಗಬಗಬನೆ ನುಂಗುತ್ತವೆ. ಎರಡು ಬಾರಿ ಬೇರೆ ಬೇರೆ ಜಾಗದಲ್ಲಿ ನಿಂತಿದ್ದೂ ಅದಕ್ಕೇ: ಆ ಗಳಿಗೆಯಲ್ಲಿ ಯಾರ ತಟ್ಟೆ ದೊಡ್ಡದಿತ್ತೋ ಅವರಿಗೆ ಪೆಟ್ಟು.

4 ಜಿಬಿ ಸ್ವಾಪ್ ಕಡತ (ಮೆಮೊರಿ ಸಾಲದಾಗ ಬಳಸಲು ಡಿಸ್ಕಿನಲ್ಲಿ ಇಡುವ ಜಾಗ) ಮಾಡಿಕೊಂಡು, ಮೈನಸ್ ಜೆ 2 ಕೊಟ್ಟು, ಬ್ರೌಸರ್ ಮುಚ್ಚಿ ಮಲಗಿ. ಮೊದಲಿನಿಂದ ಶುರು ಮಾಡಬೇಕಿಲ್ಲ. ಬಿಲ್ಡ್ ಫೋಲ್ಡರ್ ಹಾಗೆಯೇ ಇದ್ದರೆ ಮೇಕ್ ನಿಂತಲ್ಲಿಂದ ಮುಂದುವರಿಯುತ್ತದೆ. ನಾನು ರಾಸ್ಪ್‌ಬೆರಿ ಪೈ ಮೇಲೆ ಹೀಗೇ ಕಟ್ಟಿದ್ದೇನೆ. ಸಂಜೆ ಶುರು ಮಾಡಿದ್ದು ಮರುದಿನ ಮೀನು ಮಾರುಕಟ್ಟೆ ಮುಗಿಸಿ ಬಂದರೂ ಓಡುತ್ತಲೇ ಇತ್ತು.

ಹಳೆಯ ಟ್ರಾನ್ಸಿಸ್ಟರ್ · ಶುಕ್ರವಾರ, ಬೆಳಿಗ್ಗೆ 10:30

ನನಗೆ ಈ ಕಂಪೈಲರ್ ವಿಚಾರ ತಿಳಿಯದು, ಆದರೂ ಹುಡುಗ ಮೈಸೂರು ಆಕಾಶವಾಣಿ ಎಂದಿದ್ದಕ್ಕೆ ಬಾಯಿ ಸುಮ್ಮನಿರಲಿಲ್ಲ. ‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಅಂಟಿಕೊಂಡದ್ದೇ ನಿಮ್ಮ ಊರಿನಲ್ಲಿ. 1935ರಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ಶುರು ಮಾಡಿದರು. ಈಗ ನೀವು ಬಾಡಿಗೆ ಮನೆಯಲ್ಲಿ ಕೂತು ರಿಸೀವರ್ ಕಟ್ಟಲು ಹೊರಟಿದ್ದೀರಿ. ಬಿಡಬೇಡಿ.

ಮೂರನೇ ಮಹಡಿ · ಶನಿವಾರ, ಬೆಳಿಗ್ಗೆ 7:20

ಕಟ್ಟಿ ಮುಗಿಯಿತು! ಜೆ 2, ಸ್ವಾಪ್, ರಾತ್ರಿಯಿಡೀ. ಇನ್‌ಸ್ಟಾಲ್ ಆಯಿತು. ಹಂಚಿಕೆಯ ಲೈಬ್ರರಿ ಸಿಗುತ್ತಿಲ್ಲ ಎಂಬ ದೂರು ಬಂತು, ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿ ಮಾಡುವ ಎಲ್‌ಡಿಕಾನ್ಫಿಗ್ ಕೊಟ್ಟ ಮೇಲೆ ಹೋಯಿತು. ಇನ್ನು ಜಿಕ್ಯೂಆರ್‌ಎಕ್ಸ್ ಕಟ್ಟುತ್ತೇನೆ. ಕಡಲತೀರದವರಿಗೆ ದೊಡ್ಡ ನಮಸ್ಕಾರ.

ಮೂರನೇ ಮಹಡಿ · ಶನಿವಾರ, ಮಧ್ಯಾಹ್ನ 1:10

ಖುಷಿ ಆರು ಗಂಟೆ ಉಳಿಯಿತು. ಜಿಕ್ಯೂಆರ್‌ಎಕ್ಸ್ ಕಟ್ಟುವುದರಲ್ಲಿ ಎರರ್ ಒಂದೂ ಇಲ್ಲ. ತೆರೆದರೆ ಸಾಧನ ಆರಿಸುವ ಕಿಟಕಿ ಬರುತ್ತದೆ, ಡಾಂಗಲ್ ಆರಿಸಿ ಓಕೆ ಒತ್ತಿದರೆ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಹೇಳಿ ಮಾಯವಾಗುತ್ತದೆ. ಪ್ರತಿ ಬಾರಿಯೂ ಅದೇ ಜಾಗ.

ಎಲ್ಲವೂ ಮೂಲದಿಂದ · ಶನಿವಾರ, ಮಧ್ಯಾಹ್ನ 1:45

ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸಿ, ಸಿಮೇಕ್‌ನಿಂದ ಮತ್ತೆ ಶುರು ಮಾಡಿ. ಸಿಮೇಕ್ ತನ್ನ ಕ್ಯಾಶ್‌ನಲ್ಲಿ ಹಳೆಯ ದಾರಿಗಳನ್ನು ನೆನಪಿಟ್ಟುಕೊಂಡಿರುತ್ತದೆ. ನೂರಕ್ಕೆ ತೊಂಬತ್ತು ಸಲ ಅದೇ ಕಾರಣ.

ಫೆಡೋರಾ ಪಕ್ಷ · ಶನಿವಾರ, ಮಧ್ಯಾಹ್ನ 2:00

ಫೆಡೋರಾ ಲಿನಕ್ಸ್‌ನಲ್ಲಾದರೆ, ನಾವೇ ಕಟ್ಟಿದ್ದು ಹೋಗಿ ಕೂರುವ ಯುಎಸ್‌ಆರ್ ಲೋಕಲ್‌ನ ಲಿಬ್64 ಫೋಲ್ಡರ್ ಹುಡುಕಾಟದ ದಾರಿಯಲ್ಲೇ ಇರುವುದಿಲ್ಲ, ನಾವೇ ಸೇರಿಸಬೇಕು. ಉಬುಂಟುವಿನಲ್ಲಿ ಆ ಕಾಟವಿಲ್ಲ. ಸುಮ್ಮನೆ ಹೇಳಿದೆ.

ಬೆಸುಗೆ ಕಡ್ಡಿ · ಶನಿವಾರ, ಮಧ್ಯಾಹ್ನ 2:20

ಏನನ್ನೂ ಅಳಿಸಬೇಡಿ. ಮೊದಲು ರೋಗ ಯಾವುದು ನೋಡೋಣ. ಕಟ್ಟಿದ ಜಿಕ್ಯೂಆರ್‌ಎಕ್ಸ್ ಮೇಲೆ ಎಲ್‌ಡಿಡಿ ಓಡಿಸಿ (ಪ್ರೋಗ್ರಾಂ ಬಳಸುವ ಲೈಬ್ರರಿಗಳನ್ನು ತೋರಿಸುವ ಆಜ್ಞೆ), ಅದರಲ್ಲಿ ಗ್ನೂ ರೇಡಿಯೋ ಎಂಬ ಹೆಸರಿರುವ ಸಾಲುಗಳನ್ನಷ್ಟೇ ಹಾಕಿ. ಲಿಂಕ್ ಮಾಡುವಾಗ ಎಚ್ಚರಿಕೆಯ ಸಾಲು ಏನಾದರೂ ಬಂದಿತ್ತೇ? ಎರರ್ ಅಲ್ಲ, ವಾರ್ನಿಂಗ್.

ಮೂರನೇ ಮಹಡಿ · ಶನಿವಾರ, ಮಧ್ಯಾಹ್ನ 3:05

ವಾರ್ನಿಂಗ್ ಬಂದಿತ್ತು, ಆದರೆ ಶೇಕಡಾ 100 ಆಯಿತಲ್ಲ ಎಂದು ಬಿಟ್ಟಿದ್ದೆ. ಈಗ ನೋಡಿದರೆ ಅದು ಹೇಳುತ್ತಿರುವುದು ಇಷ್ಟು: ‘ಆಸ್ಮೊಎಸ್‌ಡಿಆರ್ ಲೈಬ್ರರಿಗೆ ಬೇಕಾದ ಗ್ನೂ ರೇಡಿಯೋ ರನ್‌ಟೈಮ್ 3.10.1, ಇಲ್ಲಿರುವ ಗ್ನೂ ರೇಡಿಯೋ ರನ್‌ಟೈಮ್ 3.10.11ರೊಡನೆ ಘರ್ಷಿಸಬಹುದು.’ (ಆಸ್ಮೊಎಸ್‌ಡಿಆರ್ ಅಂದರೆ ಡಾಂಗಲನ್ನು ಗ್ನೂ ರೇಡಿಯೋಗೆ ಜೋಡಿಸುವ ಲೈಬ್ರರಿ.)

ಎಲ್‌ಡಿಡಿಯಲ್ಲಿ ರನ್‌ಟೈಮ್ ಎರಡು ಸಲ ಇದೆ. 3.10.11 ಯುಎಸ್‌ಆರ್ ಲೋಕಲ್‌ನಿಂದ, 3.10.1 ಬರೀ ಯುಎಸ್‌ಆರ್ ಲಿಬ್‌ನಿಂದ. ಆದರೆ ಉಬುಂಟುವಿನ ಸಿದ್ಧ ಪ್ಯಾಕೇಜ್ ತರುವ ಆಪ್ಟ್‌ನಲ್ಲಿ ಬಂದಿದ್ದ ಗ್ನೂ ರೇಡಿಯೋವನ್ನು ನಾನು ಮೊದಲ ದಿನವೇ ತೆಗೆದುಹಾಕಿದ್ದೆ! ಅದು ಎಲ್ಲಿಂದ ವಾಪಸು ಬಂತು?

ರಾತ್ರಿಪಾಳಿ · ಶನಿವಾರ, ಸಂಜೆ 5:30

ಮ್ಯೂನಿಕ್‌ನಿಂದ ಬರೆಯುತ್ತಿದ್ದೇನೆ, ತಡವಾಗಿ ನೋಡಿದೆ.

ಹಿತ್ತಲ ಬಾಗಿಲಿನಿಂದ ಬಂದಿದೆ. ನೀವು ಆಸ್ಮೊಎಸ್‌ಡಿಆರ್ ಕಟ್ಟಲಿಲ್ಲ, ಆಪ್ಟ್‌ನಿಂದ ತಂದಿರಿ, ಅಲ್ಲವೇ? ಉಬುಂಟು 22.04ರ ಆ ಪ್ಯಾಕೇಜ್ ಅದೇ ಉಬುಂಟುವಿನ ಗ್ನೂ ರೇಡಿಯೋ 3.10.1ನ್ನು ನಂಬಿ ಕಟ್ಟಿದ್ದು. ಅದು ಬರುವಾಗ ತನ್ನ ಪರಿವಾರವನ್ನೂ ಕರೆತರುತ್ತದೆ. ನೀವು ಮುಂಬಾಗಿಲಿನಿಂದ ಹೊರಹಾಕಿದ ಗ್ನೂ ರೇಡಿಯೋ ಅವಲಂಬನೆಯ ಹೆಸರಿನಲ್ಲಿ ಹಿಂದಿನಿಂದ ಒಳಗೆ ಬಂತು.

ಈಗ ಜಿಕ್ಯೂಆರ್‌ಎಕ್ಸ್ ಎಂಬ ಒಂದೇ ಮನೆಯಲ್ಲಿ ಎರಡು ಗ್ನೂ ರೇಡಿಯೋಗಳಿವೆ. ಜಿಕ್ಯೂಆರ್‌ಎಕ್ಸ್ 3.10.11ರ ಲೆಕ್ಕದಲ್ಲಿ ಮಾತಾಡುತ್ತದೆ, ಆಸ್ಮೊಎಸ್‌ಡಿಆರ್ 3.10.1ರ ಲೆಕ್ಕದಲ್ಲಿ ಕೇಳಿಸಿಕೊಳ್ಳುತ್ತದೆ. ಒಂದು ವಸ್ತುವಿನ ಒಳಗೆ ಯಾವ ಅಂಶ ಎಷ್ಟನೇ ಬೈಟಿನಲ್ಲಿದೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿಲ್ಲ. ಡಾಂಗಲ್ ಆರಿಸುವವರೆಗೆ ಇಬ್ಬರೂ ಎದುರುಬದುರಾಗುವುದಿಲ್ಲ, ಓಕೆ ಒತ್ತಿದ ಕ್ಷಣ ಎದುರಾಗುತ್ತಾರೆ. ಅದಕ್ಕೇ ಪ್ರತಿ ಬಾರಿ ಅದೇ ಜಾಗದಲ್ಲಿ ಸಾವು.

‘ಎಲ್ಲವೂ ಮೂಲದಿಂದ’ ಅವರ ಸಲಹೆಯಂತೆ ಬಿಲ್ಡ್ ಅಳಿಸಿ ನೂರು ಸಲ ಕಟ್ಟಿದರೂ ಇದು ಹೋಗುತ್ತಿರಲಿಲ್ಲ.

ಒಂದು ಪ್ರಶ್ನೆ, ಇದನ್ನು ಮೊದಲೇ ಕೇಳಬೇಕಿತ್ತು: ನೀವು ಯಾಕೆ ಮೂಲದಿಂದ ಕಟ್ಟಲು ಹೊರಟಿರಿ? 22.04ರಲ್ಲಿ ಜಿಕ್ಯೂಆರ್‌ಎಕ್ಸ್ ಸಿದ್ಧವಾಗಿಯೇ ಸಿಗುತ್ತದಲ್ಲ.

ಮೂರನೇ ಮಹಡಿ · ಶನಿವಾರ, ಸಂಜೆ 6:10

ಹೌದು, ಆಸ್ಮೊಎಸ್‌ಡಿಆರ್ ಆಪ್ಟ್‌ನಿಂದಲೇ ತಂದಿದ್ದೆ.

ಮೊದಲು ಆಪ್ಟ್‌ನ ಜಿಕ್ಯೂಆರ್‌ಎಕ್ಸ್ ಹಾಕಿದ್ದೆ. ಅದು ಕುಸಿಯುತ್ತಿರಲಿಲ್ಲ, ಆದರೆ ಏನೂ ಕೇಳುತ್ತಲೂ ಇರಲಿಲ್ಲ. ಮೈಸೂರಿನ ಎಫ್‌ಎಂ 100.6ಕ್ಕೆ ಇಟ್ಟರೆ ಬರೀ ಭೋರ್ಗರೆತ. ಟರ್ಮಿನಲ್‌ನಲ್ಲಿ ಆಗಾಗ ‘ಪಿಎಲ್‌ಎಲ್ ನಾಟ್ ಲಾಕ್ಡ್’ ಎಂದು ಬರುತ್ತಿತ್ತು. ಅಡುಗೆಮನೆಯ 300 ರೂಪಾಯಿ ರೇಡಿಯೋದಲ್ಲಿ ಅದೇ ಕೇಂದ್ರ ಗಟ್ಟಿಯಾಗಿ ಬರುತ್ತದೆ. ಆ ವೀಡಿಯೋ ಮಾಡಿದವರು ‘ಆಪ್ಟ್‌ನಲ್ಲಿರುವುದೆಲ್ಲ ಹಳತು, ಎಲ್ಲವನ್ನೂ ಮೂಲದಿಂದ ಕಟ್ಟಿ’ ಎಂದಿದ್ದರು. ಅದನ್ನು ನಂಬಿದೆ.

ಬೆಸುಗೆ ಕಡ್ಡಿ · ಶನಿವಾರ, ಸಂಜೆ 6:25

ಡಾಂಗಲ್ ತೆಗೆದು ತಿರುಗಿಸಿ. ಮೇಲೆ ಏನು ಬರೆದಿದೆ?

ಮೂರನೇ ಮಹಡಿ · ಶನಿವಾರ, ಸಂಜೆ 6:31

‘ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್, ವಿ4’. ಕೆಳಗೆ ಸಣ್ಣಕ್ಷರದಲ್ಲಿ ‘ಆರ್828ಡಿ’.

ಬೆಸುಗೆ ಕಡ್ಡಿ · ಶನಿವಾರ, ಸಂಜೆ 6:50

ಅಷ್ಟೇ. ಮೂರು ರಾತ್ರಿಯ ಉತ್ತರ ನಿಮ್ಮ ಅಂಗೈಯಲ್ಲೇ ಇತ್ತು. ಮೊದಲ ದಿನವೇ ಕೇಳದೆ ಬಿಟ್ಟದ್ದು ನನ್ನ ತಪ್ಪು.

ಹಳೆಯ ಡಾಂಗಲ್‌ಗಳಲ್ಲಿ ಆರ್820ಟಿ ಟ್ಯೂನರ್ ಇರುತ್ತದೆ. 2023ರಲ್ಲಿ ಬಂದ ವಿ4ರಲ್ಲಿರುವುದು ಆರ್828ಡಿ. ಉಬುಂಟು 22.04ರ ಲಿಬ್‌ಆರ್‌ಟಿಎಲ್‌ಎಸ್‌ಡಿಆರ್ (ಡಾಂಗಲನ್ನು ನಡೆಸುವ ಡ್ರೈವರ್ ಲೈಬ್ರರಿ) ವಿ4 ಹುಟ್ಟುವ ಮೊದಲಿನದು. ಆರ್828ಡಿ ಕಂಡರೆ ‘ಇದಕ್ಕೆ 16 ಮೆಗಾಹರ್ಟ್ಸ್ ಹರಳು (ಲಯ ಕೊಡುವ ಕ್ರಿಸ್ಟಲ್) ಜೋಡಿಸಿರುತ್ತಾರೆ’ ಎಂದು ಅದು ನಂಬಿಕೊಂಡಿದೆ, ಹಿಂದಿನ ಸಾಧನಗಳಲ್ಲಿ ಹಾಗಿತ್ತು. ವಿ4ರಲ್ಲಿ ಇರುವುದು 28.8 ಮೆಗಾಹರ್ಟ್ಸ್ ಹರಳು. 28.8ನ್ನು 16ರಿಂದ ಭಾಗಿಸಿ: 1.8. ಅಂದರೆ ನೀವು 100.6 ಎಂದಾಗ ಟ್ಯೂನರ್ ಹೋಗಿ ನಿಲ್ಲುತ್ತಿದ್ದುದು 180 ಮೆಗಾಹರ್ಟ್ಸ್‌ಗೂ ಆಚೆ. ಅಲ್ಲಿ ಮೈಸೂರು ಎಲ್ಲಿ ಸಿಗಬೇಕು? ಇನ್ನೂ ಮೇಲಕ್ಕೆ ಕಳಿಸಿದರೆ ಪಿಎಲ್‌ಎಲ್ (ಟ್ಯೂನರನ್ನು ಬೇಕಾದ ಆವರ್ತನದಲ್ಲಿ ಹಿಡಿದು ನಿಲ್ಲಿಸುವ ಭಾಗ) ಅಷ್ಟು ವೇಗದಲ್ಲಿ ಓಡಲಾರದೆ ಬೀಗ ಬೀಳಲಿಲ್ಲ ಎನ್ನುತ್ತದೆ. ನಿಮ್ಮ ಅಡುಗೆಮನೆಯ ರೇಡಿಯೋಗೆ ಈ ಗೊಂದಲವಿಲ್ಲ, ಅದರ ಮುಳ್ಳನ್ನು ನೀವೇ ತಿರುಗಿಸುತ್ತೀರಿ.

ಗ್ನೂ ರೇಡಿಯೋ ಸರಿಯಿತ್ತು. ಜಿಕ್ಯೂಆರ್‌ಎಕ್ಸ್ ಸರಿಯಿತ್ತು. ಆಸ್ಮೊಎಸ್‌ಡಿಆರ್ ಸರಿಯಿತ್ತು. ಬದಲಾಗಬೇಕಿದ್ದದ್ದು ಒಂದು ಸಣ್ಣ ಲೈಬ್ರರಿ. ಅದನ್ನು ಕಟ್ಟಲು ನಿಮ್ಮ ಲ್ಯಾಪ್‌ಟಾಪಿಗೂ ಒಂದು ನಿಮಿಷ ಸಾಕು.

ಮೂರನೇ ಮಹಡಿ · ಶನಿವಾರ, ಸಂಜೆ 6:58

ನಾನು ಸ್ವಲ್ಪ ಹೊತ್ತು ಮಹಡಿಯ ಮೇಲೆ ಹೋಗಿ ನಿಂತು ಬರುತ್ತೇನೆ.

ಎಲ್ಲವೂ ಮೂಲದಿಂದ · ಶನಿವಾರ, ರಾತ್ರಿ 8:15

ರಾತ್ರಿಪಾಳಿಯವರು ನನ್ನ ಹೆಸರೆತ್ತಿದ್ದರಿಂದ ಉತ್ತರಿಸುತ್ತಿದ್ದೇನೆ. ಕ್ಯಾಶ್ ವಿಷಯದಲ್ಲಿ ನನ್ನ ಊಹೆ ತಪ್ಪಾಯಿತು, ಒಪ್ಪಿದೆ. ಆದರೆ ಮೂಲದಿಂದ ಕಟ್ಟುವುದೇ ಮೂರ್ಖತನ ಎಂಬ ಧ್ವನಿ ಇಲ್ಲಿ ಕೇಳಿಸುತ್ತಿದೆ. ಅದನ್ನು ಒಪ್ಪುವುದಿಲ್ಲ. ನಾನು 3.7ರ ಕಾಲದಿಂದ ಕಟ್ಟುತ್ತಿದ್ದೇನೆ. 2019ರಲ್ಲಿ 3.8 ಬಂದಾಗ ಪೈಥಾನ್ 2ರ ಜತೆಗೆ 3 ಬಂತು, ಬ್ಲಾಕ್‌ಗಳ ವಿವರಣೆ ಎಕ್ಸ್‌ಎಂಎಲ್ ಬಿಟ್ಟು ಯಾಮಲ್‌ಗೆ ಬದಲಾಯಿತು. ನಮ್ಮ ಕಾಲೇಜಿನ ಪ್ರಯೋಗಾಲಯದ ಹಳೆಯ ಮಾಡ್ಯೂಲ್‌ಗಳೆಲ್ಲ ಒಂದೇ ದಿನ ಸತ್ತವು. 3.9ರಲ್ಲಿ ಸ್ವಿಗ್ ಹೋದಾಗ ಮತ್ತೊಮ್ಮೆ. ಅವನ್ನು ಬದುಕಿಸಿದ್ದು ಕಟ್ಟಲು ಗೊತ್ತಿದ್ದವರು, ಆಪ್ಟ್ ಅಲ್ಲ. ಸಿದ್ಧ ಅಡುಗೆ ತಿನ್ನುತ್ತ ಕೂತರೆ ಒಲೆ ಹಚ್ಚಲು ಯಾರು ಕಲಿಯಬೇಕು?

ರಾತ್ರಿಪಾಳಿ · ಶನಿವಾರ, ರಾತ್ರಿ 9:40

ಒಲೆ ಹಚ್ಚುವುದು ಬೇಡ ಎನ್ನಲಿಲ್ಲ. ಉಪ್ಪು ಕಡಿಮೆಯಾಗಿದೆ ಎಂದು ಮನೆ ಕೆಡವಿ ಕಟ್ಟಬೇಡಿ ಎಂದೆ.

ಧ್ವನಿ ಒರಟಾಗಿದ್ದರೆ ಕ್ಷಮಿಸಿ. ನೀವು ಹೇಳುವ ಕೆಲಸಕ್ಕೆ, ಅಂದರೆ ಮಾಡ್ಯೂಲ್ ಬರೆಯುವವರಿಗೆ, ಗ್ನೂ ರೇಡಿಯೋ ಒಳಗೇ ಕೈಹಾಕುವವರಿಗೆ ಮೂಲದಿಂದ ಕಟ್ಟುವುದೇ ದಾರಿ. ಆಗಲೂ ಯುಎಸ್‌ಆರ್ ಲೋಕಲ್‌ಗೆ ಸುರಿಯಬೇಡಿ. ನಿಮ್ಮ ಹೋಮ್ ಫೋಲ್ಡರಿನಲ್ಲಿ ‘ರೇಡಿಯೋ’ ಎಂದು ಒಂದು ಫೋಲ್ಡರ್ ಮಾಡಿ, ಸಿಮೇಕ್‌ಗೆ ಇನ್‌ಸ್ಟಾಲ್ ಪ್ರಿಫಿಕ್ಸ್ ಆಗಿ ಅದನ್ನೇ ಕೊಡಿ. ಗ್ನೂ ರೇಡಿಯೋ, ಆಸ್ಮೊಎಸ್‌ಡಿಆರ್, ಜಿಕ್ಯೂಆರ್‌ಎಕ್ಸ್ ಎಲ್ಲವನ್ನೂ ಅಲ್ಲಿಗೇ ಕಟ್ಟಿ. ಪಾತ್, ಲೈಬ್ರರಿ ಪಾತ್, ಪೈಥಾನ್ ಪಾತ್ ಮೂರನ್ನೂ ಆ ಫೋಲ್ಡರಿಗೆ ತಿರುಗಿಸುವ ನಾಲ್ಕು ಸಾಲಿನ ಕಡತ ಬರೆದಿಟ್ಟುಕೊಳ್ಳಿ. ಬೇಸರವಾದ ದಿನ ಫೋಲ್ಡರ್ ಅಳಿಸಿದರೆ ಮುಗಿಯಿತು, ವ್ಯವಸ್ಥೆಗೆ ಗಾಳಿಯೂ ಸೋಕದು. ಸುಡೊ (ನಿರ್ವಾಹಕರ ಅಧಿಕಾರ) ಕೂಡ ಬೇಕಾಗುವುದಿಲ್ಲ.

ಅಷ್ಟು ತಾಳ್ಮೆ ಇಲ್ಲದವರಿಗೆ ಇವನ್ನೆಲ್ಲ ಸಿದ್ಧವಾಗಿ ಕಟ್ಟಿಕೊಡುವ ರೇಡಿಯೋಕೊಂಡಾ ಇದೆ. ಅದೂ ಹೀಗೆಯೇ ಪ್ರತ್ಯೇಕ ಫೋಲ್ಡರಿನಲ್ಲಿ ಕೂರುತ್ತದೆ.

ಎಲ್ಲವೂ ಮೂಲದಿಂದ · ಶನಿವಾರ, ರಾತ್ರಿ 10:02

ಪ್ರಿಫಿಕ್ಸ್ ವಿಷಯ ಸರಿ. ಉಪ್ಪಿನ ಮಾತು ಬೇಡವಾಗಿತ್ತು.

ಮೂರನೇ ಮಹಡಿ · ಭಾನುವಾರ, ಬೆಳಿಗ್ಗೆ 8:00

ಮಹಡಿಯಿಂದ ಇಳಿದೆ. ಕಟ್ಟಿದ್ದನ್ನೆಲ್ಲ ಮೊದಲು ತೆಗೆಯಬೇಕು ಅಂದುಕೊಂಡೆ. ಬಿಲ್ಡ್ ಫೋಲ್ಡರಿಗೆ ಹೋಗಿ ಮೇಕ್ ಅನ್‌ಇನ್‌ಸ್ಟಾಲ್ ಕೊಡಬೇಕೆಂದು ಓದಿದೆ. ತೊಂದರೆ ಏನೆಂದರೆ ಡಿಸ್ಕ್ ತುಂಬಿತ್ತೆಂದು ಗ್ನೂ ರೇಡಿಯೋದ ಬಿಲ್ಡ್ ಫೋಲ್ಡರನ್ನು ನಿನ್ನೆಯೇ ಅಳಿಸಿದ್ದೇನೆ. ಜಿಕ್ಯೂಆರ್‌ಎಕ್ಸ್‌ನದು ಇದೆ.

ಬೆಸುಗೆ ಕಡ್ಡಿ · ಭಾನುವಾರ, ಬೆಳಿಗ್ಗೆ 8:30

ಏನನ್ನೂ ಅಳಿಸಬೇಡಿ ಎಂದಿದ್ದೆ.

ಇನ್‌ಸ್ಟಾಲ್ ಮಾಡಿದ ಪ್ರತಿ ಕಡತದ ಪಟ್ಟಿ ಬಿಲ್ಡ್ ಫೋಲ್ಡರಿನ ಇನ್‌ಸ್ಟಾಲ್ ಮ್ಯಾನಿಫೆಸ್ಟ್ ಎಂಬ ಕಡತದಲ್ಲಿರುತ್ತದೆ. ಅನ್‌ಇನ್‌ಸ್ಟಾಲ್ ಆ ಪಟ್ಟಿ ಹಿಡಿದು ಒಂದೊಂದನ್ನೇ ತೆಗೆಯುತ್ತದೆ. ಪಟ್ಟಿ ಹೋದರೆ ಅದಕ್ಕೆ ಕಣ್ಣು ಹೋದಂತೆ. ಜಿಕ್ಯೂಆರ್‌ಎಕ್ಸ್‌ನದನ್ನು ಹಾಗೆಯೇ ತೆಗೆಯಿರಿ. ಗ್ನೂ ರೇಡಿಯೋಗೆ ಕೈಯಲ್ಲೇ ಹುಡುಕಬೇಕು. ಹೊಸ ಉಬುಂಟುವಿನಲ್ಲಿ ಯುಎಸ್‌ಆರ್ ಲೋಕಲ್ ಹೆಚ್ಚುಕಡಿಮೆ ಖಾಲಿ ಇರುತ್ತದೆ, ಹಾಗಾಗಿ ಫೈಂಡ್ ಬಳಸಿ ಕಳೆದ ಐದು ದಿನಗಳಲ್ಲಿ ಅಲ್ಲಿಗೆ ಬಂದದ್ದರ ಪಟ್ಟಿ ತೆಗೆಯಿರಿ. ಎಂಟೈಮ್ ಅಲ್ಲ, ಸಿಟೈಮ್ ನೋಡಿ. ಕಡತದ ಒಳಗಿನದು ಎಂದೋ ಬದಲಾಗಿದ್ದರೂ ನಿಮ್ಮ ಡಿಸ್ಕಿನಲ್ಲಿ ಅದು ಬಂದು ಕೂತ ದಿನ ಸಿಟೈಮ್‌ನಲ್ಲಿ ಗೊತ್ತಾಗುತ್ತದೆ. ಪಟ್ಟಿಯನ್ನು ಕಡತಕ್ಕೆ ಬರೆದು, ಕಣ್ಣಿನಿಂದ ಓದಿ, ಆಮೇಲೆ ಅಳಿಸಿ. ಕೊನೆಗೆ ಎಲ್‌ಡಿಕಾನ್ಫಿಗ್.

ಕಡಲತೀರದ ಆಂಟೆನಾ · ಭಾನುವಾರ, ಬೆಳಿಗ್ಗೆ 9:10

‘ಕಣ್ಣಿನಿಂದ ಓದಿ’ ಎಂಬುದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ನಾನೊಮ್ಮೆ ಇದೇ ಸಿಟ್ಟಿನಲ್ಲಿ ಯುಎಸ್‌ಆರ್ ಲೋಕಲ್ ಪೂರ್ತಿ ಗುಡಿಸಿದ್ದೆ. ದೋಣಿಗಳು ತಾವಿರುವ ಜಾಗ ತಿಳಿಸುವ ಎಐಎಸ್ ಸಂಕೇತ ಹಿಡಿಯಲು ಬರೆದಿಟ್ಟಿದ್ದ ನನ್ನ ಸ್ಕ್ರಿಪ್ಟ್‌ಗಳೂ ಅದರಲ್ಲೇ ಇದ್ದವು. ಎರಡು ಮಳೆಗಾಲದ ಕೆಲಸ.

ಮೂರನೇ ಮಹಡಿ · ಭಾನುವಾರ, ಮಧ್ಯಾಹ್ನ 12:45

ತೆಗೆದೆ. ಪಟ್ಟಿಯಲ್ಲಿ ನನ್ನ ಪ್ರಿಂಟರಿನ ಡ್ರೈವರ್ ಕೂಡ ಇತ್ತು, ಓದಿದ್ದರಿಂದ ಉಳಿಯಿತು. ಈಗ ಆಪ್ಟ್‌ನ ಜಿಕ್ಯೂಆರ್‌ಎಕ್ಸ್ ಮತ್ತೆ ಹಾಕಿದ್ದೇನೆ. ಹೊಸ ಡ್ರೈವರ್ ಕಟ್ಟುವ ಮೊದಲು ಆಪ್ಟ್‌ನ ಲಿಬ್‌ಆರ್‌ಟಿಎಲ್‌ಎಸ್‌ಡಿಆರ್ ತೆಗೆಯಬೇಕು ಎಂದು ಒಂದೆಡೆ ಓದಿದೆ. ತೆಗೆಯಲು ಹೋದರೆ ಜಿಕ್ಯೂಆರ್‌ಎಕ್ಸನ್ನೂ ಜತೆಗೆ ತೆಗೆಯುತ್ತೇನೆ ಎನ್ನುತ್ತಿದೆ.

ರಾತ್ರಿಪಾಳಿ · ಭಾನುವಾರ, ಮಧ್ಯಾಹ್ನ 2:00

ತೆಗೆಯಬೇಡಿ, ಇರಲಿ. ಜಿಕ್ಯೂಆರ್‌ಎಕ್ಸ್ ಅದರ ಮೇಲೆ ನಿಂತಿದೆ ಎಂದು ಆಪ್ಟ್ ನಂಬಿಕೊಂಡಿರಲಿ.

ವಿ4ರ ತಯಾರಕರು ಕೊಟ್ಟಿರುವ ಡ್ರೈವರಿನ ಮೂಲ ತಂದು, ಯುಡೆವ್ ನಿಯಮಗಳನ್ನೂ (ಸಾಧನ ಬಳಸಲು ಅನುಮತಿ ಕೊಡುವಂಥವು) ಹಾಕುವಂತೆ ಸಿಮೇಕ್‌ಗೆ ಹೇಳಿ ಕಟ್ಟಿ, ಇನ್‌ಸ್ಟಾಲ್ ಮಾಡಿ, ಎಲ್‌ಡಿಕಾನ್ಫಿಗ್ ಕೊಡಿ. ಅದು ಯುಎಸ್‌ಆರ್ ಲೋಕಲ್ ಲಿಬ್‌ಗೆ ಹೋಗುತ್ತದೆ. ಉಬುಂಟುವಿನಲ್ಲಿ ಲೈಬ್ರರಿ ಹುಡುಕುವ ಸರದಿಯಲ್ಲಿ ಆ ಜಾಗಕ್ಕೇ ಮೊದಲ ಮಣೆ. ಎರಡರ ಹೆಸರೂ ಕೊನೆಯ ಸೊನ್ನೆಯವರೆಗೆ ಒಂದೇ ಆಗಿರುವುದರಿಂದ ಆಸ್ಮೊಎಸ್‌ಡಿಆರ್ ಕೇಳಿದಾಗ ಹೊಸದು ಸಿಗುತ್ತದೆ, ಹಳೆಯದು ಮೂಲೆಯಲ್ಲಿ ಕೂತಿರುತ್ತದೆ.

‘ಎರಡು ಪ್ರತಿ ಇದ್ದರೆ ಅಪಾಯ ಎಂದಿದ್ದಿರಲ್ಲ’ ಎಂದು ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ: ಡಿಸ್ಕಿನಲ್ಲಿ ಎರಡಿದ್ದರೆ ಅಡ್ಡಿಯಿಲ್ಲ. ಒಂದೇ ಪ್ರೋಗ್ರಾಂ ಒಳಗೆ ಎರಡೂ ಒಟ್ಟಿಗೆ ಏರಿದರೆ ಅಪಾಯ. ಗ್ನೂ ರೇಡಿಯೋದಲ್ಲಿ ಎರಡರ ಹೆಸರು ಬೇರೆ ಇತ್ತು, ಆದ್ದರಿಂದ ಎರಡೂ ಏರಿದವು. ಇಲ್ಲಿ ಹೆಸರು ಒಂದೇ, ಒಂದು ಮಾತ್ರ ಏರುತ್ತದೆ. ನಂಬಿಕೆ ಬರದಿದ್ದರೆ ಎಲ್‌ಡಿಡಿ ಇದೆ.

ಮೂರನೇ ಮಹಡಿ · ಭಾನುವಾರ, ಸಂಜೆ 4:20

ಕಟ್ಟಿದೆ. ನಲವತ್ತು ಸೆಕೆಂಡ್. ನಲವತ್ತು!

ಎಲ್‌ಡಿಡಿಯಲ್ಲಿ ಒಂದೇ ಲಿಬ್‌ಆರ್‌ಟಿಎಲ್‌ಎಸ್‌ಡಿಆರ್, ಯುಎಸ್‌ಆರ್ ಲೋಕಲ್‌ನಿಂದ. ಆದರೆ ಆರ್‌ಟಿಎಲ್ ಟೆಸ್ಟ್ ಓಡಿಸಿದರೆ ‘ಯುಎಸ್‌ಬಿ ಕ್ಲೇಮ್ ಇಂಟರ್‌ಫೇಸ್ ಎರರ್ ಮೈನಸ್ 6’.

ಎಲ್ಲವೂ ಮೂಲದಿಂದ · ಭಾನುವಾರ, ಸಂಜೆ 4:35

ಇದು ಎಲ್ಲರಿಗೂ ಬರುತ್ತದೆ. ಈ ಡಾಂಗಲ್ ಮೂಲತಃ ಟಿವಿ ನೋಡಲು ಮಾಡಿದ ಚಿಪ್‌ನದು. ಕರ್ನಲ್ ಅದನ್ನು ಕಂಡ ಕೂಡಲೇ ಟಿವಿಯ ಡ್ರೈವರ್ ಹಾಕಿ ಹಿಡಿದುಕೊಳ್ಳುತ್ತದೆ. ಡಿವಿಬಿ ಯುಎಸ್‌ಬಿ ಆರ್‌ಟಿಎಲ್28 ಎಂದು ಶುರುವಾಗುವ ಮಾಡ್ಯೂಲನ್ನು ಕಪ್ಪುಪಟ್ಟಿಗೆ ಸೇರಿಸಿ, ಯಂತ್ರ ಮರುಚಾಲೂ ಮಾಡಿ.

ಬೆಸುಗೆ ಕಡ್ಡಿ · ಭಾನುವಾರ, ಸಂಜೆ 4:50

ಇರಬಹುದು, ಆದರೆ ನೋಡಿ ಮಾಡಿ. ಮೈನಸ್ 6 ಎಂದರೆ ‘ಯಾರೋ ಹಿಡಿದುಕೊಂಡಿದ್ದಾರೆ’ ಎಂದಷ್ಟೇ ಅರ್ಥ. ಮೈನಸ್ 3 ಬಂದಿದ್ದರೆ ಅನುಮತಿ ಇಲ್ಲ, ಯುಡೆವ್ ನಿಯಮ ಓದಿಕೊಂಡಿಲ್ಲ ಎಂದಾಗುತ್ತಿತ್ತು. ಹಿಡಿದುಕೊಂಡಿರುವವರು ಕರ್ನಲ್ಲೋ ಬೇರೆಯವರೋ? ಎಲ್‌ಎಸ್‌ಮಾಡ್ ಪಟ್ಟಿಯಲ್ಲಿ ಆ ಮಾಡ್ಯೂಲ್ ಇದೆಯೇ?

ಮೂರನೇ ಮಹಡಿ · ಭಾನುವಾರ, ಸಂಜೆ 5:02

ಇಲ್ಲ. ಆಪ್ಟ್‌ನ ಪ್ಯಾಕೇಜೇ ಅದನ್ನು ಕಪ್ಪುಪಟ್ಟಿಗೆ ಹಾಕಿದೆ.

ಬೆಸುಗೆ ಕಡ್ಡಿ · ಭಾನುವಾರ, ಸಂಜೆ 5:04

ಹಾಗಾದರೆ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿಯಲ್ಲಿ ಜಿಕ್ಯೂಆರ್‌ಎಕ್ಸ್ ಹುಡುಕಿ.

ಮೂರನೇ ಮಹಡಿ · ಭಾನುವಾರ, ಸಂಜೆ 5:09

ಇದೆ! ಮಧ್ಯಾಹ್ನ ತೆರೆದು ಮುಚ್ಚಿದ್ದೆ. ಕಿಟಕಿ ಮಾತ್ರ ಹೋಗಿತ್ತು, ಪ್ರೋಗ್ರಾಂ ಡಾಂಗಲ್ ಹಿಡಿದುಕೊಂಡು ಕೂತೇ ಇತ್ತು. ಕೊಂದೆ. ಈಗ ಆರ್‌ಟಿಎಲ್ ಟೆಸ್ಟ್ ಹೀಗೆ ಹೇಳುತ್ತಿದೆ: ‘ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ4 ಡಿಟೆಕ್ಟೆಡ್’.

ಮೂರನೇ ಮಹಡಿ · ಭಾನುವಾರ, ಸಂಜೆ 5:26

100.6 ಬಂತು. ಜಲಪಾತದ ಚಿತ್ರದಲ್ಲಿ (ಸಂಕೇತಗಳ ಬಲವನ್ನು ಬಣ್ಣದಲ್ಲಿ ತೋರಿಸುವ ಕಿಟಕಿ) ನಡುವೆ ದಪ್ಪ ಹಳದಿ ಪಟ್ಟಿ, ವೀಣೆಯ ಪ್ರತಿ ಮೀಟಿಗೂ ಅದು ಅಗಲವಾಗಿ ಕಿರಿದಾಗುತ್ತಿದೆ. ಅಡುಗೆಮನೆಯ ರೇಡಿಯೋವನ್ನೂ ಹಚ್ಚಿದೆ. ಲ್ಯಾಪ್‌ಟಾಪಿನಲ್ಲಿ ಅದೇ ವೀಣೆ ಅರ್ಧ ಸೆಕೆಂಡ್ ತಡವಾಗಿ ಬರುತ್ತಿದೆ. ಅಮ್ಮ ಬಂದು ‘ಇದಕ್ಕಾ ನಾಲ್ಕು ದಿನ?’ ಎಂದರು.

ಒಂದು ಸಣ್ಣ ಅನುಮಾನ: ದನಿ ಸ್ವಲ್ಪ ಮಂಕಾಗಿದೆ.

ಬೆಸುಗೆ ಕಡ್ಡಿ · ಭಾನುವಾರ, ಸಂಜೆ 5:40

ಡಿ-ಎಂಫಸಿಸ್ (ಎತ್ತರದ ಸ್ವರಗಳನ್ನು ತಗ್ಗಿಸುವ ಸೆಟ್ಟಿಂಗ್) 75 ಮೈಕ್ರೋಸೆಕೆಂಡಿನಲ್ಲಿದೆಯೇ ನೋಡಿ. ಅದು ಅಮೆರಿಕದ ಲೆಕ್ಕ. ನಮ್ಮಲ್ಲಿ 50.

ಹಳೆಯ ಟ್ರಾನ್ಸಿಸ್ಟರ್ · ಭಾನುವಾರ, ಸಂಜೆ 6:15

ಎಫ್‌ಎಂ ಆಯಿತು. ಮೀಡಿಯಂ ವೇವ್ ಬರುತ್ತದೆಯೇ ಈ ಡಬ್ಬಿಯಲ್ಲಿ? ಬೆಂಗಳೂರು 612 ಕಿಲೋಹರ್ಟ್ಸ್, 200 ಕಿಲೋವಾಟ್. ಮೈಸೂರಿಗೆ ಹಗಲಿನಲ್ಲೇ ತಲುಪಬೇಕು.

ಬೆಸುಗೆ ಕಡ್ಡಿ · ಭಾನುವಾರ, ಸಂಜೆ 6:30

ಬರುತ್ತದೆ. ವಿ4ರ ಒಳಗೇ ಅಪ್‌ಕನ್ವರ್ಟರ್ ಇದೆ. ಕೆಳಗಿನ ಆವರ್ತನವನ್ನು 28.8 ಮೆಗಾಹರ್ಟ್ಸ್‌ನಷ್ಟು ಮೇಲೆತ್ತಿ ಟ್ಯೂನರಿಗೆ ಕೊಡುತ್ತದೆ, ಲೆಕ್ಕವನ್ನು ಡ್ರೈವರೇ ನೋಡಿಕೊಳ್ಳುತ್ತದೆ. ನೀವು 612 ಎಂದು ಇಟ್ಟು ಎಎಂ ಆರಿಸಿದರೆ ಸಾಕು. ಗೇನ್ ಕಡಿಮೆ ಇಡಿ. ಡಾಂಗಲ್ ಜತೆ ಬಂದ ಗೇಣುದ್ದದ ಆಂಟೆನಾ ಇದಕ್ಕೆ ಸಾಲದು, ಹತ್ತು ಮೀಟರ್ ತಂತಿ ಬೇಕು.

ಮೂರನೇ ಮಹಡಿ · ಸೋಮವಾರ, ಬೆಳಿಗ್ಗೆ 6:50

ಬಟ್ಟೆ ಒಣಹಾಕುವ ಹಗ್ಗದ ಪಕ್ಕದಲ್ಲೇ ತಂತಿ ಎಳೆದಿದ್ದೇನೆ. 612ರಲ್ಲಿ ಏನೋ ಇದೆ, ಆದರೆ ಮೇಲೆಲ್ಲ ಗುಂಯ್ ಎನ್ನುವ ಗೆರೆಗಳು, ಒಂದೇ ಅಂತರದಲ್ಲಿ, ಬೇಲಿಯ ಹಾಗೆ.

ಹಳೆಯ ಟ್ರಾನ್ಸಿಸ್ಟರ್ · ಸೋಮವಾರ, ಬೆಳಿಗ್ಗೆ 6:54

ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ. ಎಲ್‌ಇಡಿ ದೀಪ ಆರಿಸಿ. ಬೇಗ, ಇನ್ನೇನು ವಾರ್ತೆಯ ಹೊತ್ತು.

ಮೂರನೇ ಮಹಡಿ · ಸೋಮವಾರ, ಬೆಳಿಗ್ಗೆ 7:08

ಚಾರ್ಜರ್ ಕಿತ್ತ ಕೂಡಲೇ ಬೇಲಿ ಮಾಯ. ಕತ್ತಲೆಯಲ್ಲಿ ಕೂತು ಪ್ರದೇಶ ಸಮಾಚಾರ ಕೇಳುತ್ತಿದ್ದೇನೆ. ಬ್ಯಾಟರಿ ಶೇಕಡಾ 31 ಇದೆ, ವಾರ್ತೆ ಮುಗಿಯುವವರೆಗೆ ಸಾಕು.

ಹೊಸಬ · ಬುಧವಾರ, ರಾತ್ರಿ 10:20

ನಮಸ್ಕಾರ, ಹಳೆಯ ಚರ್ಚೆಯನ್ನು ಎಬ್ಬಿಸುತ್ತಿರುವುದಕ್ಕೆ ಕ್ಷಮಿಸಿ. ನಾನೂ ಗ್ನೂ ರೇಡಿಯೋ ಮೂಲದಿಂದ ಕಟ್ಟುತ್ತಿದ್ದೇನೆ, ನನಗೂ ಅದೇ ‘ಕಿಲ್ಡ್’ ಬರುತ್ತಿದೆ. ಸ್ವಾಪ್ ಎಷ್ಟು ಇಡಲಿ?

ಬೆಸುಗೆ ಕಡ್ಡಿ · ಬುಧವಾರ, ರಾತ್ರಿ 10:24

ಸ್ವಾಪ್ ಆಮೇಲೆ. ಡಾಂಗಲ್ ತಿರುಗಿಸಿ, ಮೇಲೆ ಏನು ಬರೆದಿದೆ ಓದಿ.